31 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ: ಈ ಅಂಕಿಯನ್ನು ಓದುವ ಬಗೆ, ಓದಿದ ಮೇಲೆ ಮಾಡಬೇಕಾದ್ದು (ಮುಂಬಯಿಯ ಕನ್ನಡ ಮನೆಗಳಿಗೆ ಸಮಗ್ರ ಮಾರ್ಗದರ್ಶಿ)

ಅಮೆರಿಕದಲ್ಲಿ 2000ನೇ ಇಸವಿಯ ಲೆಕ್ಕದ ಪ್ರಕಾರ ಎಂಟು ವರ್ಷದ 150 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಇತ್ತು, ಅಂದರೆ ಮಾತು, ಜನರ ಜತೆಗಿನ ಒಡನಾಟ, ನಡವಳಿಕೆಗಳು ಚಿಕ್ಕಂದಿನಿಂದಲೇ ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ. 2022ರ ಲೆಕ್ಕದಲ್ಲಿ ಅದು 31ಕ್ಕೆ ಒಬ್ಬರು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು, ಕೆಳಗೆ ‘ಮಹಾಮಾರಿ’ ಎಂದು ಕೆಂಪಕ್ಷರದಲ್ಲಿ ಬರೆದ ಚಿತ್ರಗಳು ಮುಂಬಯಿ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಿಗೂ ಬಂದು ಬೀಳುತ್ತವೆ. ಎರಡು ವರ್ಷ ತುಂಬಿದರೂ ಕೂಸು ಇನ್ನೂ ‘ಅಮ್ಮ’ ಎಂದಿಲ್ಲವಲ್ಲ ಎಂದು ನಿದ್ದೆಗೆಟ್ಟ ತಾಯಿ ಅದನ್ನು ನೋಡುತ್ತಾಳೆ. ಲಸಿಕೆ ಹಾಕಿಸಿದ್ದಕ್ಕೋ, ಉಣ್ಣಿಸುವಾಗ ಫೋನು ತೋರಿಸಿದ್ದಕ್ಕೋ ತನ್ನನ್ನೇ ಹಳಿದುಕೊಳ್ಳುತ್ತಾಳೆ. ಮಗುವನ್ನು ಡಾಕ್ಟರಿಗೆ ತೋರಿಸಲು ಹೆದರಿ ಇನ್ನೂ ಆರು ತಿಂಗಳು ಕಾಯುತ್ತಾಳೆ. ಆ ಚಿತ್ರ ಮಾಡುವ ದೊಡ್ಡ ಹಾನಿ ಈ ಆರು ತಿಂಗಳು.

ಹಾಗಾಗಿ ಈ ಬರಹದಲ್ಲಿ ಎರಡು ಕೆಲಸವಿದೆ. ಮೊದಲ ಏಳು ಹೆಜ್ಜೆಗಳು ಅಂಕಿಯನ್ನು ಬಿಡಿಸಿ ನೋಡುವುದಕ್ಕೆ, ಉಳಿದವು ನಿಮ್ಮ ಮನೆಯ ಮಗುವಿಗೆ. ಅವಸರದಲ್ಲಿದ್ದರೆ ನೇರವಾಗಿ ಎಂಟನೇ ಹೆಜ್ಜೆಗೆ ಹೋಗಿ, ಅಂಕಿಯ ಮಾತು ಆಮೇಲೆ ಓದಬಹುದು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಏರಿಕೆಯಲ್ಲಿ ದೊಡ್ಡ ಪಾಲು ಗುರುತಿಸುವಿಕೆಯದು. ಮುಂಚೆಯೂ ಇದ್ದ ಮಕ್ಕಳು ಈಗ ಕಣ್ಣಿಗೆ ಬೀಳುತ್ತಿದ್ದಾರೆ. ನಮ್ಮ ಕಡೆಯ ಎಷ್ಟೋ ಮಕ್ಕಳು ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ ಎನ್ನುವುದು ನನ್ನ ನಿಜವಾದ ಚಿಂತೆ.

ಹೆಜ್ಜೆ 1: ಯಾರನ್ನು, ಎಲ್ಲಿ, ಹೇಗೆ ಎಣಿಸಿದರು ಎಂದು ಕೇಳಿ

31ಕ್ಕೆ ಒಬ್ಬರು ಎಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಅಂಕಿ. ಇಡೀ ದೇಶವನ್ನು ಎಣಿಸಿದ್ದಲ್ಲ. 16 ಪ್ರದೇಶಗಳಲ್ಲಿ 2022ರಲ್ಲಿ ಎಂಟು ವರ್ಷದವರಾಗಿದ್ದ ಮಕ್ಕಳದ್ದು ಮಾತ್ರ. ಆ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಪರೀಕ್ಷೆ ಮಾಡಲಿಲ್ಲ. ಆಸ್ಪತ್ರೆ, ಶಾಲೆಗಳ ಕಡತ ತೆರೆದು, ಆಟಿಸಂ ಎಂಬ ನಮೂದು ಇದ್ದವರನ್ನು ಎಣಿಸಿದರು. ಎಷ್ಟು ಮಕ್ಕಳ ಕಡತದಲ್ಲಿ ಆ ಪದ ಬಿದ್ದಿದೆ ಎನ್ನುವುದಷ್ಟೇ ಇದರಿಂದ ತಿಳಿಯುತ್ತದೆ.

ಇದಕ್ಕೆ ಸಾಕ್ಷಿ ಅದೇ ವರದಿಯೊಳಗಿದೆ. ಟೆಕ್ಸಾಸ್‌ನ ಲರೆಡೊದಲ್ಲಿ 103 ಮಕ್ಕಳಿಗೆ ಒಬ್ಬರು, ಕ್ಯಾಲಿಫೋರ್ನಿಯಾದ ಪ್ರದೇಶದಲ್ಲಿ 19ಕ್ಕೆ ಒಬ್ಬರು. ಒಂದೇ ದೇಶ, ಒಂದೇ ವರ್ಷ, ಎಣಿಸಿದ ರೀತಿಯೂ ಒಂದೇ, ಆದರೂ ಐದು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಕ್ಯಾಲಿಫೋರ್ನಿಯಾದ ಆ ಭಾಗದಲ್ಲಿ ಪುಟ್ಟ ಮಕ್ಕಳಲ್ಲೇ ಆಟಿಸಂ ಗುರುತಿಸಲು ಸ್ಥಳೀಯ ಮಕ್ಕಳ ವೈದ್ಯರಿಗೆ ತರಬೇತಿ ಕೊಟ್ಟಿದ್ದಾರೆ. ಲರೆಡೊ ಗಡಿಯ ಊರು. ಅಲ್ಲಿನ ಕೂಸುಗಳ ಮಿದುಳು ಬೇರೆ ಥರದ್ದಾಗಿರಲು ಸಾಧ್ಯವಿಲ್ಲ. ನೋಡುವವರ ಸಂಖ್ಯೆ ಬೇರೆ.

ಇನ್ನೊಂದು ಸಾಕ್ಷಿ ನನಗೆ ಇನ್ನೂ ಗಟ್ಟಿಯೆನಿಸುತ್ತದೆ. ಮೊದಮೊದಲ ವರದಿಗಳಲ್ಲಿ ಬಿಳಿಯರ ಮಕ್ಕಳಲ್ಲಿ ಆಟಿಸಂ ಹೆಚ್ಚು ಕಾಣುತ್ತಿತ್ತು. 2020ರ ಲೆಕ್ಕ ಬರುವ ಹೊತ್ತಿಗೆ ಕರಿಯರ, ಹಿಸ್ಪಾನಿಕರ, ಏಷ್ಯನ್ನರ ಮಕ್ಕಳಲ್ಲಿ ಬಿಳಿಯರಿಗಿಂತ ಹೆಚ್ಚಾಗಿತ್ತು. ಇಪ್ಪತ್ತು ವರ್ಷದಲ್ಲಿ ಒಂದು ಜನಾಂಗದ ರಕ್ತ ಬದಲಾಗುವುದಿಲ್ಲ. ಬದಲಾದದ್ದು ಯಾರು ಡಾಕ್ಟರ ಬಾಗಿಲು ತಲುಪಿದರು ಎಂಬುದು.

ಮುಂದೆ ಯಾವ ಅಂಕಿ ಕೈಗೆ ಬಂದರೂ ನಾಲ್ಕು ವಿಷಯ ಬರೆದುಕೊಳ್ಳಿ: ಯಾವ ವರ್ಷ, ಯಾವ ವಯಸ್ಸು, ಯಾವ ಊರು, ಕಡತ ನೋಡಿದ್ದೋ ಮಗುವನ್ನು ನೋಡಿದ್ದೋ. ಇವುಗಳಲ್ಲಿ ಒಂದು ಬೇರೆಯಾಗಿದ್ದರೂ ಎರಡು ಅಂಕಿಗಳನ್ನು ತಕ್ಕಡಿಗೆ ಹಾಕಬೇಡಿ.

ಹೆಜ್ಜೆ 2: ಆಟಿಸಂ ಎಂಬ ಹೆಸರಿನ ಗಡಿ ಎಷ್ಟು ಹಿಗ್ಗಿದೆ ನೋಡಿ

1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದರು. ಅದು ಈ ಹೆಸರಿನ ಆರಂಭ. 1966ರಲ್ಲಿ ವಿಕ್ಟರ್ ಲಾಟರ್ ಇಂಗ್ಲೆಂಡಿನ ಮಿಡ್ಲ್‌ಸೆಕ್ಸ್‌ನಲ್ಲಿ ಎಣಿಸಿದಾಗ ಸಿಕ್ಕಿದ್ದು ಹತ್ತು ಸಾವಿರಕ್ಕೆ ಸುಮಾರು ನಾಲ್ಕೂವರೆ ಮಕ್ಕಳು. ಆಗ ಆಟಿಸಂ ಎಂದರೆ ಹೊರಗಿನ ಜಗತ್ತಿನ ಜತೆ ನಂಟೇ ಇಲ್ಲದ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತ ಕೂರುವ, ತೀರಾ ತೀವ್ರ ಸ್ಥಿತಿಯ ಮಗು.

ಡಾಕ್ಟರುಗಳು ರೋಗ ಗುರುತಿಸಲು ಬಳಸುವ ಅಮೆರಿಕನ್ ಕೈಪಿಡಿ ಡಿಎಸ್‌ಎಂ. 1980ರ ಆವೃತ್ತಿಯಲ್ಲಿ ‘ಶೈಶವದ ಆಟಿಸಂ’ ಬೇರೆಯದೇ ಸ್ಥಿತಿಯಾಗಿ ಸೇರಿತು. ಎರಡೂವರೆ ವರ್ಷದೊಳಗೆ ಲಕ್ಷಣ ಶುರುವಾಗಿರಬೇಕು ಎಂಬ ಷರತ್ತು ಇತ್ತು. 1987ರಲ್ಲಿ ಷರತ್ತುಗಳು ಸಡಿಲವಾದವು. 1994ರಲ್ಲಿ ಆಸ್ಪರ್ಗರ್ ಎಂಬ ಸ್ಥಿತಿ ಸೇರಿತು. ಈ ಹೆಸರು ಪಡೆದವರು ಚೆನ್ನಾಗಿ ಮಾತಾಡುವ, ಓದಿನಲ್ಲಿ ಮುಂದಿರುವ, ಆದರೆ ಜನರ ನಡುವೆ ದಾರಿ ಕಾಣದೆ ತೊಳಲುವ ಮಕ್ಕಳು. 2013ರಲ್ಲಿ ಎಲ್ಲವೂ ‘ಆಟಿಸಂ ಸ್ಪೆಕ್ಟ್ರಂ’ ಎಂಬ ಒಂದೇ ಹೆಸರಿನ ಕೆಳಗೆ ಬಂದವು. ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿಕೊಳ್ಳುವುದು, ಅಂಗಿಯ ಹೊಲಿಗೆ ಚುಚ್ಚಿದಂತಾಗಿ ಅಳುವುದು, ಇಂಥ ಸಂವೇದನೆಯ ತೊಂದರೆಗಳೂ ಲಕ್ಷಣಗಳ ಪಟ್ಟಿಗೆ ಸೇರಿದವು. ಚಂಚಲತೆಯ ತೊಂದರೆಯಾದ ಎಡಿಎಚ್‌ಡಿ ಇದ್ದ ಮಗುವಿಗೆ ಜತೆಯಲ್ಲೇ ಆಟಿಸಂ ಎಂದೂ ಬರೆಯಲು ಮುಂಚೆ ಅವಕಾಶವಿರಲಿಲ್ಲ. ಆ ವರ್ಷದಿಂದ ಬಂತು.

1966ರ ಅಂಕಿಯನ್ನೂ 2022ರ ಅಂಕಿಯನ್ನೂ ಒಂದೇ ಗೆರೆಯ ಮೇಲೆ ಇಡುವವರು ಈ ಅರವತ್ತು ವರ್ಷದ ಕಥೆಯನ್ನು ಅಳಿಸಿ ಇಡುತ್ತಾರೆ.

ಹೆಜ್ಜೆ 3: ಇದು ಏರಿದಾಗ ಯಾವುದು ಇಳಿಯಿತು, ಹುಡುಕಿ

ಒಂದು ಡಬ್ಬಿಯ ಅಕ್ಕಿಯನ್ನು ಇನ್ನೊಂದಕ್ಕೆ ಸುರಿದರೆ ಎರಡನೆಯದು ತುಂಬುತ್ತದೆ, ಮನೆಗೆ ಬಂದ ಅಕ್ಕಿ ಹೆಚ್ಚಾಗಿರುವುದಿಲ್ಲ. ಅಮೆರಿಕದ ವಿಶೇಷ ಶಿಕ್ಷಣ ಕಾನೂನಿಗೆ 1990ರಲ್ಲಿ ಆಟಿಸಂ ಎಂಬ ಹೊಸ ವಿಭಾಗ ಸೇರಿತು. ಮುಂದಿನ ವರ್ಷಗಳಲ್ಲಿ ಶಾಲೆಗಳ ಆಟಿಸಂ ಪಟ್ಟಿ ಬೆಳೆಯುತ್ತ ಹೋದಂತೆ ಬುದ್ಧಿಮಾಂದ್ಯದ ಪಟ್ಟಿ ಕರಗುತ್ತ ಬಂತು. ಕ್ಯಾಲಿಫೋರ್ನಿಯಾದ ದಾಖಲೆಗಳನ್ನು ಶೋಧಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಲ್ಲಿನ ಏರಿಕೆಯ ಸುಮಾರು ಕಾಲು ಭಾಗಕ್ಕೆ ಈ ಹೆಸರು ಬದಲಾವಣೆಯೊಂದೇ ಕಾರಣ ಎಂದು ತೋರಿಸಿತು.

ನಮ್ಮ ದೇಶದಲ್ಲೂ ಕಾನೂನು ಹೆಸರನ್ನು ಬದಲಿಸಿದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಇರಲೇ ಇಲ್ಲ. ಬುದ್ಧಿಮಾಂದ್ಯ ಇತ್ತು, ಮಾನಸಿಕ ಕಾಯಿಲೆ ಇತ್ತು. ಸರ್ಟಿಫಿಕೇಟ್ ಬೇಕಾದ ಮನೆಯವರು ಇವೆರಡರಲ್ಲಿ ಒಂದರೊಳಗೆ ಮಗುವನ್ನು ತುರುಕಬೇಕಾಗಿತ್ತು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ ಅನ್ನು ಹೆಸರಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21 ವೈಕಲ್ಯಗಳಲ್ಲಿ ಒಂದಾಗಿ ಸೇರಿಸಿತು. 2011ರ ಜನಗಣತಿಯ ನಮೂನೆಯಲ್ಲೂ ಆಟಿಸಂಗೆ ಬೇರೆ ಕಾಲಂ ಇರಲಿಲ್ಲ.

ಕಾಗದಕ್ಕೂ ಮುಂಚೆ ಮನೆಮಾತಿನಲ್ಲಿ ಇದ್ದ ಹೆಸರುಗಳನ್ನೂ ನೆನೆಯಿರಿ. ಉಡುಪಿ, ಕುಂದಾಪುರ, ಬಿಜಾಪುರ, ಧಾರವಾಡ, ಎಲ್ಲಿಂದ ಮುಂಬಯಿಗೆ ಬಂದ ಮನೆಯಾದರೂ ಊರಲ್ಲಿ ಒಬ್ಬ ಚಿಕ್ಕಪ್ಪ ಇರುತ್ತಿದ್ದ. ಮದುವೆಯಾಗದೆ, ಯಾರ ಜತೆಗೂ ಬೆರೆಯದೆ, ಆದರೆ ನಲವತ್ತು ವರ್ಷದ ಪಂಚಾಂಗವನ್ನು ಬಾಯಲ್ಲೇ ಹೇಳುತ್ತಿದ್ದ ಚಿಕ್ಕಪ್ಪ. ‘ಅವನು ಹಾಗೇ’ ಎಂದು ಮನೆ ಅವನನ್ನು ಒಪ್ಪಿಕೊಂಡಿತ್ತು, ಇಲ್ಲವೇ ಹಿಂದಿನ ಕೋಣೆಯಲ್ಲಿ ಇಟ್ಟಿತ್ತು. ಮಾತೇ ಬಾರದ ಹುಡುಗಿ ‘ಮೂಕಿ’, ತಲೆ ಚಚ್ಚಿಕೊಳ್ಳುವವನಿಗೆ ‘ಗಾಳಿ ಸೋಕಿದೆ’. ದೂರದಿಂದ ಯಾರ ಸ್ಥಿತಿಯನ್ನೂ ಹೀಗೇ ಎಂದು ಹೇಳಲಾಗದು. ಆದರೆ ‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ’ ಎಂದು ಹೇಳುವ ಹಿರಿಯರನ್ನು ಮೆಲ್ಲಗೆ ಕೂರಿಸಿಕೊಂಡು ಇಂಥವರ ಬಗ್ಗೆ ಕೇಳಿ. ಹೆಸರುಗಳು ಒಂದೊಂದಾಗಿ ಹೊರಗೆ ಬರುತ್ತವೆ.

ಹೆಜ್ಜೆ 4: ಎಷ್ಟು ಕಣ್ಣಿಟ್ಟು ಹುಡುಕಿದರು ಎಂದು ಕೇಳಿ

ದಕ್ಷಿಣ ಕೊರಿಯಾದಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಒಂದು ಪ್ರದೇಶದ 7ರಿಂದ 12 ವರ್ಷದ ಮಕ್ಕಳಲ್ಲಿ, ಸಾಮಾನ್ಯ ಶಾಲೆಗಳೊಳಗೂ ಹೊಕ್ಕು ಹುಡುಕಿದಾಗ, ನೂರಕ್ಕೆ 2.64 ಮಕ್ಕಳಲ್ಲಿ ಆಟಿಸಂ ಕಂಡಿತು. ಅವರಲ್ಲಿ ಮೂರನೇ ಎರಡರಷ್ಟು ಮಕ್ಕಳು ಸಾಮಾನ್ಯ ತರಗತಿಯಲ್ಲೇ ಕೂತಿದ್ದರು. ಯಾರಿಗೂ ಗೊತ್ತಿರಲಿಲ್ಲ, ಯಾವ ನೆರವೂ ಸಿಕ್ಕಿರಲಿಲ್ಲ.

ಡೆನ್ಮಾರ್ಕ್‌ನಲ್ಲಿ 1994ರಲ್ಲಿ ಗುರುತಿಸುವ ನಿಯಮ ಬದಲಾಯಿತು. 1995ರಿಂದ ಆಸ್ಪತ್ರೆಗೆ ದಾಖಲಾಗದೆ ಹೊರರೋಗಿಯಾಗಿ ಬಂದ ಮಕ್ಕಳನ್ನೂ ಲೆಕ್ಕಕ್ಕೆ ಸೇರಿಸಿದರು. ಅಲ್ಲಿನ ಏರಿಕೆಯ ಸುಮಾರು ಶೇ. 60ರಷ್ಟು ಈ ಎರಡು ಬದಲಾವಣೆಗಳಿಂದಲೇ ಆದದ್ದು ಎಂದು 2015ರ ಅಧ್ಯಯನ ಹೇಳಿತು. ಅದೇ ವರ್ಷ ಸ್ವೀಡನ್‌ನಿಂದ ಬಂದ ಫಲಿತಾಂಶ ಇನ್ನೂ ನೇರವಾಗಿತ್ತು. ಹತ್ತು ವರ್ಷಗಳ ಅವಧಿಯಲ್ಲಿ ಹುಟ್ಟಿದ ಮಕ್ಕಳ ಲಕ್ಷಣಗಳನ್ನು ತಂದೆತಾಯಿಯರನ್ನೇ ಕೇಳಿ ಅಳೆದಾಗ ಅವು ಸ್ಥಿರವಾಗಿದ್ದವು. ಅದೇ ಅವಧಿಯಲ್ಲಿ ಸರ್ಕಾರಿ ನೋಂದಣಿಯಲ್ಲಿ ಮಾತ್ರ ಆಟಿಸಂ ಏರುತ್ತಲೇ ಇತ್ತು.

ಹುಡುಗಿಯರದ್ದು ಬೇರೆಯೇ ಕಥೆ. ಹುಡುಗರಲ್ಲಿ ನಾಲ್ಕು ಪಟ್ಟು ಹೆಚ್ಚು ಎಂಬುದು ಹಳೆಯ ಮಾತು. ಸಿಡಿಸಿಯ 2022ರ ಲೆಕ್ಕದಲ್ಲಿ ಅದು 3.4 ಪಟ್ಟಿಗೆ ಇಳಿದಿದೆ. ಗೆಳತಿಯರನ್ನು ನೋಡಿ ನೋಡಿ ಅನುಕರಿಸುತ್ತ, ಶಾಲೆಯಲ್ಲಿ ಸದ್ದಿಲ್ಲದೆ ದಿನ ಕಳೆದು, ಮನೆಗೆ ಬಂದ ತಕ್ಷಣ ಕುಸಿದು ಅಳುವ ಹುಡುಗಿಯನ್ನು ನಾವು ‘ಜಾಣೆ, ಮೌನಿ’ ಎಂದು ಹೊಗಳುತ್ತೇವೆ. ಕೆಲವರಿಗೆ ತಮ್ಮ ಮಗುವಿನ ಪರೀಕ್ಷೆಯ ಹೊತ್ತಿಗೆ, ಮೂವತ್ತೈದನೇ ವಯಸ್ಸಿನಲ್ಲಿ, ತಮ್ಮ ಬಾಲ್ಯಕ್ಕೂ ಒಂದು ಹೆಸರು ಸಿಗುತ್ತದೆ.

ಹೆಜ್ಜೆ 5: ಉಳಿದ ನಿಜವಾದ ಏರಿಕೆಗೆ ಜಾಗ ಬಿಡಿ

ಎಲ್ಲವೂ ಎಣಿಕೆಯ ಆಟ ಎಂದು ಹೇಳಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ಆಟಿಸಂ ಬಹುಪಾಲು ವಂಶವಾಹಿಗಳಿಂದ ಬರುತ್ತದೆ. ಐದು ದೇಶಗಳ ಸುಮಾರು 20 ಲಕ್ಷ ಮಕ್ಕಳನ್ನು ನೋಡಿದ 2019ರ ಅಧ್ಯಯನ ಆನುವಂಶಿಕ ಪಾಲನ್ನು ಶೇ. 80ರ ಆಸುಪಾಸು ಎಂದು ಅಂದಾಜಿಸಿತು. ಉಳಿದ ಪಾಲಿನಲ್ಲಿ ಕೆಲವು ಸಂಗತಿಗಳು ಪದೇ ಪದೇ ಸಾಬೀತಾಗಿವೆ. ತಂದೆಯ ಅಥವಾ ತಾಯಿಯ ವಯಸ್ಸು ಹೆಚ್ಚಿದ್ದಷ್ಟೂ ಸಾಧ್ಯತೆ ತುಸು ಹೆಚ್ಚು. ಅವಧಿಗೆ ಬಹಳ ಮುಂಚೆ ಹುಟ್ಟಿದ ಮಕ್ಕಳಲ್ಲಿ ಹೆಚ್ಚು. ಗರ್ಭಿಣಿಯಾಗಿದ್ದಾಗ ಮೂರ್ಛೆರೋಗಕ್ಕೆ ವ್ಯಾಲ್ಪ್ರೊಯೇಟ್ ಔಷಧ ತೆಗೆದುಕೊಂಡಿದ್ದರೆ ಹೆಚ್ಚು. (ಆದರೆ ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ತಾಯಿಯ ಜೀವಕ್ಕೆ ಅಪಾಯ. ಮಗು ಬೇಕೆಂದು ಯೋಚಿಸುವಾಗಲೇ ನರರೋಗ ತಜ್ಞರ ಜತೆ ಮಾತಾಡಿ.)

ಮುಂಬಯಿಯಲ್ಲಿ ಓದು, ಕೆಲಸ, ಮನೆಸಾಲ ಮುಗಿಸಿ ಮಗುವಿನ ಯೋಚನೆಗೆ ಬರುವಾಗ ಮೂವತ್ತೈದು ದಾಟಿರುತ್ತದೆ. ಏಳನೇ ತಿಂಗಳಲ್ಲಿ ಹುಟ್ಟಿ ಮುಂಚೆ ಉಳಿಯದೇ ಹೋಗುತ್ತಿದ್ದ ಶಿಶುಗಳನ್ನು ಇವತ್ತು ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಉಳಿಸಿಕೊಡುತ್ತದೆ. ಇವೆರಡೂ ಸಮಾಜದಲ್ಲಿ ಹೆಚ್ಚಿದಂತೆ ಆಟಿಸಂ ನಿಜಕ್ಕೂ ಸ್ವಲ್ಪ ಹೆಚ್ಚಿರಬಹುದು. ಆದರೆ ಇಡೀ ಸಮಾಜದ ಲೆಕ್ಕವನ್ನು ಒಂದು ತಾಯಿಯ ಮೇಲೆ ಹೊರಿಸಲಾಗದು. ನಲವತ್ತಕ್ಕೆ ಹೆತ್ತವರ ಮಕ್ಕಳಲ್ಲೂ ಬಹುತೇಕರಿಗೆ ಆಟಿಸಂ ಇರುವುದಿಲ್ಲ, ಇಪ್ಪತ್ತೆರಡಕ್ಕೆ ಹೆತ್ತವರ ಮಕ್ಕಳಲ್ಲಿ ಇರುತ್ತದೆ. ಅತ್ತೆಮನೆಯಲ್ಲಿ ಈ ಮಾತು ಎದ್ದರೆ ಗಂಡನಾದವನು ಅಲ್ಲಿಯೇ ತಡೆಯಬೇಕು.

ಹೆಜ್ಜೆ 6: ಸಲ್ಲದ ಕಾರಣಗಳನ್ನು ಪಕ್ಕಕ್ಕಿಡಿ

ಲಸಿಕೆ. 1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಜತೆಗಾರರು ಕೇವಲ 12 ಮಕ್ಕಳ ಬಗ್ಗೆ ಬರೆದ ಲೇಖನದಿಂದ, ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಭಯ ಹುಟ್ಟಿತು. 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು, ವೇಕ್‌ಫೀಲ್ಡ್‌ರ ವೈದ್ಯ ನೋಂದಣಿಯೂ ಅದೇ ವರ್ಷ ರದ್ದಾಯಿತು. 2019ರಲ್ಲಿ ಡೆನ್ಮಾರ್ಕ್‌ನ 6,57,461 ಮಕ್ಕಳ ಅಧ್ಯಯನ ಬಂತು: ಎಂಎಂಆರ್ ಲಸಿಕೆ ಹಾಕಿಸಿಕೊಂಡವರಲ್ಲಿ ಆಟಿಸಂ ಹೆಚ್ಚಿರಲಿಲ್ಲ. ಜಪಾನ್ 1993ರಲ್ಲಿ ಎಂಎಂಆರ್ ನಿಲ್ಲಿಸಿತು. ಆದರೂ ಯೊಕೊಹಾಮಾದಲ್ಲಿ ಆಟಿಸಂ ಸಂಖ್ಯೆ ಏರುತ್ತಲೇ ಹೋಯಿತು. ಮಾತು ತಡವಾಗಿರುವುದು ಎದ್ದು ಕಾಣುವುದೂ ಒಂದೂವರೆ ವರ್ಷದ ಹೊತ್ತಿಗೆ, ಲಸಿಕೆಗಳ ಒಂದು ಸುತ್ತು ಬರುವುದೂ ಆಗಲೇ. ಎರಡೂ ಒಟ್ಟಿಗೆ ಬಂದದ್ದರಿಂದ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ದಡಾರದಿಂದ ಮಕ್ಕಳು ಸಾಯುತ್ತಾರೆ. ಹೆದರಿ ಡೋಸ್ ತಪ್ಪಿಸಬೇಡಿ.

ಪ್ಯಾರಾಸಿಟಮಾಲ್. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರೇ ಬಸಿರಿನಲ್ಲಿ ತೆಗೆದುಕೊಂಡ ಈ ಮಾತ್ರೆಗೂ ಮಗುವಿನ ಆಟಿಸಂಗೂ ನಂಟು ಹಾಕಿ ಮಾತಾಡಿದ ಮೇಲೆ ಇಲ್ಲಿನ ಗರ್ಭಿಣಿಯರೂ ಜ್ವರ ಬಂದರೆ ಮಾತ್ರೆ ಮುಟ್ಟಲು ಹೆದರುತ್ತಿದ್ದಾರೆ. ಸ್ವೀಡನ್‌ನಲ್ಲಿ ಸುಮಾರು 25 ಲಕ್ಷ ಮಕ್ಕಳನ್ನು ನೋಡಿದ 2024ರ ಅಧ್ಯಯನ ಒಂದೇ ತಾಯಿಯ ಮಕ್ಕಳನ್ನು ಪರಸ್ಪರ ಹೋಲಿಸಿತು. ಆಗ ಔಷಧಕ್ಕೂ ಆಟಿಸಂಗೂ ನಂಟು ಕಾಣಲಿಲ್ಲ. ಬಸಿರಿನಲ್ಲಿ ಜೋರು ಜ್ವರವನ್ನು ಹಾಗೇ ಬಿಡುವುದೇ ಅಪಾಯ.

ಮೊಬೈಲ್. ಪರದೆ ನೋಡಿಯೇ ಬರುತ್ತದೆ ಎನ್ನಲಾಗುವ ‘ವರ್ಚುವಲ್ ಆಟಿಸಂ’ ಎಂಬ ಮಾತು ಇಲ್ಲಿ ಬಹಳ ಓಡಾಡುತ್ತದೆ. ಗುರುತಿಸುವ ಯಾವ ಅಧಿಕೃತ ಕೈಪಿಡಿಯಲ್ಲೂ ಅಂಥ ಸ್ಥಿತಿ ಇಲ್ಲ. ಪುಟ್ಟ ಮಗು ಗಂಟೆಗಟ್ಟಲೆ ಪರದೆ ನೋಡಿದರೆ ಮಾತಿಗೂ ಆಟಕ್ಕೂ ಸಮಯ ಉಳಿಯುವುದಿಲ್ಲ, ಅದು ನಿಜ. ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷದೊಳಗೆ ಪರದೆ ಬೇಡ ಎನ್ನುತ್ತದೆ, ಆಮೇಲೂ ದಿನಕ್ಕೆ ಒಂದು ಗಂಟೆಯೊಳಗೆ. ಹಾಗಾಗಿ ಫೋನು ಇಳಿಸಿ, ಒಳ್ಳೆಯದೇ. ಆದರೆ ‘ಮೂರು ತಿಂಗಳು ಫೋನು ಬಿಡಿಸಿ ನೋಡೋಣ’ ಎಂದು ಪರೀಕ್ಷೆಯನ್ನು ಮುಂದೂಡಬೇಡಿ. ಫೋನು ಬಿಡಿಸುವುದೂ ಡಾಕ್ಟರಿಗೆ ತೋರಿಸುವುದೂ ಒಂದೇ ವಾರ ಶುರುವಾಗಲಿ.

ತಾಯಿ ಪ್ರೀತಿ ಕಡಿಮೆ ಮಾಡಿದ್ದು, ತಾಯಿ ಕೆಲಸಕ್ಕೆ ಹೋದದ್ದು: ಇದು ಎಂದೋ ಬಿದ್ದುಹೋದ ವಾದ. ಉತ್ತರ ಕೊಡುವ ಅಗತ್ಯವೂ ಇಲ್ಲ.

ಹೆಜ್ಜೆ 7: ನಮ್ಮ ಅಂಕಿಯನ್ನು ನಮ್ಮಲ್ಲೇ ಹುಡುಕಿ

ಸಿಡಿಸಿಯ ಹಾಗೆ ಎರಡು ವರ್ಷಕ್ಕೊಮ್ಮೆ ಎಣಿಸುವ ಏರ್ಪಾಡು ಭಾರತದಲ್ಲಿಲ್ಲ. ಇರುವುದರಲ್ಲಿ ಗಟ್ಟಿಯಾದದ್ದು ಇನ್‌ಕ್ಲೆನ್ ಸಂಸ್ಥೆಯ ಅಧ್ಯಯನ, ಪ್ರಕಟವಾದದ್ದು 2018ರಲ್ಲಿ. ಪಲ್ವಲ್, ಕಾಂಗ್ಡಾ, ಢೆಂಕನಾಲ್, ಹೈದರಾಬಾದ್ ಮತ್ತು ನಮ್ಮ ಪಕ್ಕದ ಉತ್ತರ ಗೋವಾದಲ್ಲಿ 2ರಿಂದ 9 ವರ್ಷದ ಸುಮಾರು 4,000 ಮಕ್ಕಳನ್ನು, ಕಡತ ನೋಡದೆ, ಮನೆಮನೆಯಿಂದ ಆರಿಸಿ ಪರೀಕ್ಷಿಸಿದರು. ಆಟಿಸಂ ಕಂಡದ್ದು ನೂರಕ್ಕೆ ಒಬ್ಬರ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆಯ ಜಾಗತಿಕ ಅಂದಾಜು ಕೂಡ ಇದಕ್ಕೆ ಹತ್ತಿರ. ನೂರು ಮಕ್ಕಳ ಬಾಲವಾಡಿಯಲ್ಲಿ ಒಂದು ಮಗು ಎಂದಿಟ್ಟುಕೊಳ್ಳಿ. ಆ ಮಗು ಯಾವುದು ಎಂದು ನಿಮ್ಮ ವಠಾರದ ಬಾಲವಾಡಿಯಲ್ಲಿ ಯಾರಿಗಾದರೂ ಗೊತ್ತಿದೆಯೇ?

ಹೆಜ್ಜೆ 8: ಮನೆಯಲ್ಲಿ ನೋಡಬೇಕಾದ ಗುರುತುಗಳು

ಮಾತೊಂದನ್ನೇ ನೋಡಬೇಡಿ. ಮಾತಿಗೂ ಮುಂಚೆ ಬರುವ ಕೊಡುಕೊಳ್ಳುವಿಕೆಯನ್ನು ನೋಡಿ. ಒಂಬತ್ತು ತಿಂಗಳಿಗೆ ಹೆಸರು ಕರೆದರೆ ತಿರುಗಬೇಕು. ಒಂದು ವರ್ಷಕ್ಕೆ ‘ಟಾಟಾ’ ಮಾಡುವುದು, ಕೈಮುಗಿದು ‘ಜೇಜಿ’ ಮಾಡುವುದು, ಎತ್ತಿಕೋ ಎಂದು ಕೈ ಚಾಚುವುದು ಇರಬೇಕು. ಒಂದೂವರೆ ವರ್ಷಕ್ಕೆ ಕಿಟಕಿಯಾಚೆಯ ಕಾಗೆಯನ್ನೋ ಲೋಕಲ್ ಟ್ರೇನನ್ನೋ ಬೆರಳು ಮಾಡಿ ತೋರಿಸಿ, ನೀವೂ ನೋಡಿದಿರಾ ಎಂದು ನಿಮ್ಮ ಮುಖ ನೋಡಬೇಕು. ನನಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಗುರುತು. ಬಿಸ್ಕತ್ತು ಬೇಕು ಎಂದು ತೋರಿಸುವುದು ಬೇರೆ, ‘ಅಗೋ ನೋಡು’ ಎಂದು ಸಂತೋಷ ಹಂಚಿಕೊಳ್ಳಲು ತೋರಿಸುವುದು ಬೇರೆ. ನಿಮ್ಮ ಕೈಯನ್ನೇ ಹಿಡಿದೆಳೆದು ಡಬ್ಬಿಯ ಮೇಲೆ ಇಡುವ ಮಗು ಬೆರಳು ತೋರಿಸದೆ ಇದ್ದರೆ ಗಮನಿಸಿ. ಎರಡು ವರ್ಷಕ್ಕೆ ಎರಡು ಪದ ಜೋಡಿಸಬೇಕು: ‘ಅಮ್ಮ ಬಾ’, ‘ನೀರು ಬೇಕು’. ಯಾವ ವಯಸ್ಸಿನಲ್ಲೇ ಆಗಲಿ, ಬಂದ ಮಾತು ನಿಂತುಹೋದರೆ ಒಂದು ದಿನವೂ ಕಾಯಬಾರದು.

‘ಗಂಡುಮಕ್ಕಳು ತಡ’, ‘ಅವನ ಅಪ್ಪನೂ ನಾಲ್ಕಕ್ಕೇ ಮಾತಾಡಿದ್ದು’ ಎಂಬ ಮಾತುಗಳು ಪ್ರೀತಿಯಿಂದಲೇ ಬರುತ್ತವೆ. ಅಜ್ಜಿಗೆ ಎದುರಾಡದೆ, ‘ತೋರಿಸಿ ಬರ್ತೇವೆ ಅಜ್ಜಿ, ಏನೂ ಇಲ್ಲ ಅಂದ್ರೆ ಒಳ್ಳೇದೇ ಆಯ್ತಲ್ಲ’ ಎಂದು ಹೊರಟುಬಿಡಿ.

ಹೆಜ್ಜೆ 9: ತೋರಿಸಲು ಹೋಗುವ ದಿನ

ಮೊದಲು ಕಿವಿ ಪರೀಕ್ಷೆ. ಕಿವಿ ಕೇಳಿಸದ ಮಗುವೂ ಹೆಸರಿಗೆ ತಿರುಗುವುದಿಲ್ಲ. ಬಾಂದ್ರಾದಲ್ಲಿರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್-ಶ್ರವಣ ಸಂಸ್ಥೆ 1983ರಿಂದ ಇದೇ ಕೆಲಸದಲ್ಲಿದೆ. ಕಿವಿ, ಮಾತು ಎರಡನ್ನೂ ಅಲ್ಲಿ ನೋಡುತ್ತಾರೆ. ಆಮೇಲೆ ಮಕ್ಕಳ ಬೆಳವಣಿಗೆಯ ತಜ್ಞರು, ಅಂದರೆ ಡೆವಲಪ್‌ಮೆಂಟಲ್ ಪೀಡಿಯಾಟ್ರಿಷಿಯನ್. ಪರೇಲಿನ ಕೆಇಎಂ, ವಾಡಿಯಾ, ಸಯನ್ ಆಸ್ಪತ್ರೆಗಳು ನಮ್ಮ ಜನಕ್ಕೆ ಪರಿಚಿತ. ಮಕ್ಕಳ ಬೆಳವಣಿಗೆಗೆಂದೇ 2001ರಲ್ಲಿ ಆರಂಭವಾದ ಉಮೀದ್ ಕೇಂದ್ರವೂ ಮುಂಬಯಿಯಲ್ಲಿದೆ. ಹೊರಡುವ ಮುಂಚೆ ಫೋನು ಮಾಡಿ ಯಾವ ದಿನ ಯಾವ ಓಪಿಡಿ ಎಂದು ಕೇಳಿಕೊಳ್ಳಿ. ಕೇಸ್ ಪೇಪರ್ ಸಾಲಿನಲ್ಲಿ ನಿಂತು ದಿನ ತಪ್ಪಿದೆ ಎಂದು ಹಿಂದಿರುಗುವುದು ಮಗುವಿಗೂ ಹಿಂಸೆ.

ಫೋನಿನಲ್ಲಿ ನಾಲ್ಕೈದು ಚಿಕ್ಕ ವಿಡಿಯೊ ಮಾಡಿಕೊಂಡು ಹೋಗಿ: ಊಟ, ಆಟ, ಹೆಸರು ಕರೆದಾಗ, ಅಳುವಾಗ. ಹೊಸ ಕೋಣೆಯಲ್ಲಿ ಮಗು ಮನೆಯ ಹಾಗೆ ಇರುವುದಿಲ್ಲ. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವವರು ಅಜ್ಜಿಯಾದರೆ ಅಜ್ಜಿಯನ್ನೂ ಕರೆದೊಯ್ಯಿರಿ. ಹುಟ್ಟಿದಾಗಿನ ಡಿಸ್ಚಾರ್ಜ್ ಕಾಗದ, ಲಸಿಕೆ ಪುಸ್ತಕ ಜತೆಗಿರಲಿ.

ರಕ್ತಪರೀಕ್ಷೆಯಿಂದಲೋ ಸ್ಕ್ಯಾನ್‌ನಿಂದಲೋ ಆಟಿಸಂ ಗೊತ್ತಾಗುವುದಿಲ್ಲ. ಮಗುವನ್ನು ನೋಡಿ, ನಿಮ್ಮನ್ನು ಕೇಳಿ ನಿರ್ಧರಿಸುತ್ತಾರೆ. ಭಾರತದಲ್ಲಿ ಸರ್ಟಿಫಿಕೇಟಿಗೆ ಬಳಸುವ ಐಸಾ ಮಾಪಕದಲ್ಲಿ 40 ಅಂಶಗಳಿವೆ, ಒಟ್ಟು ಅಂಕ 70 ಮುಟ್ಟಿದರೆ ಆಟಿಸಂ ಎಂದು ಪರಿಗಣಿಸುತ್ತಾರೆ. ಇಲ್ಲಿ ಕನ್ನಡ, ತುಳು ಮನೆಯವರು ಒಂದು ಮಾತು ಹೇಳಲೇಬೇಕು: ‘ಮನೆಯಲ್ಲಿ ನಾವು ಮಗುವಿನ ಜತೆ ಈ ಭಾಷೆ ಆಡುತ್ತೇವೆ.’ ಮರಾಠಿಯಲ್ಲಿ ‘ಇಕಡೆ ಬಘ್’ ಎಂದಾಗ ತಿರುಗದ ಮಗು ‘ಇಲ್ಲಿ ನೋಡು ಪುಟ್ಟ’ ಎಂದರೆ ತಿರುಗಬಹುದು. ಸೂಚನೆಗಳನ್ನು ಮನೆಮಾತಿನಲ್ಲಿ ನೀವೇ ಹೇಳಲು ಅನುಮತಿ ಕೇಳಿ.

ಮುಗಿದ ಮೇಲೆ ರಿಪೋರ್ಟನ್ನು ಬರಹದಲ್ಲಿ ಪಡೆಯಿರಿ. ‘ಈಗ ಹೇಳಲಾಗದು’ ಎಂದರೆ ಮತ್ತೆ ಯಾವಾಗ ಬರಬೇಕು ಎಂದು ತಾರೀಕು ಕೇಳಿ. ತಾರೀಕು ಬರುವವರೆಗೆ ಸ್ಪೀಚ್ ಥೆರಪಿ ಶುರು ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಹೆಜ್ಜೆ 10: ಕಾಗದಪತ್ರ

ಆಟಿಸಂ ಖಚಿತವಾದರೆ ಯುಡಿಐಡಿ ಕಾರ್ಡಿಗೆ, ಅಂದರೆ ವಿಕಲಚೇತನರ ಸರ್ಕಾರಿ ಗುರುತಿನ ಚೀಟಿಗೆ, ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ. ಪರೀಕ್ಷೆ ನಿಗದಿತ ಸರ್ಕಾರಿ ಅಥವಾ ಪಾಲಿಕೆ ಆಸ್ಪತ್ರೆಯಲ್ಲಿ ನಡೆಯುತ್ತದೆ. ವೈಕಲ್ಯ ಶೇ. 40 ಅಥವಾ ಹೆಚ್ಚು ಎಂದು ಬಂದರೆ 2016ರ ಕಾಯ್ದೆಯ ಹೆಚ್ಚಿನ ಸೌಲಭ್ಯಗಳಿಗೆ ಅರ್ಹತೆ. ರಾಷ್ಟ್ರೀಯ ನ್ಯಾಸದ ‘ನಿರಾಮಯ’ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಮಗುವಿನ ಹಣೆಗೆ ಚೀಟಿ ಅಂಟಿಸಿದಂತೆ ಎಂದು ಸಂಬಂಧಿಕರು ಹೇಳಬಹುದು. ಕಾರ್ಡು ನಿಮ್ಮ ಕಪಾಟಿನಲ್ಲಿರುತ್ತದೆ, ಬೇಕಾದಾಗ ತೆಗೆಯಿರಿ.

ಹೆಜ್ಜೆ 11: ಹಣ ಕೇಳುವವರ ಮುಂದೆ ಎಚ್ಚರ

ಸಂಖ್ಯೆ ಏರಿದಂತೆ ಭಯ ಮಾರುವವರೂ ಏರಿದ್ದಾರೆ. ಸ್ಟೆಮ್ ಸೆಲ್ ಚಿಕಿತ್ಸೆಗೆ ಲಕ್ಷಗಟ್ಟಲೆ ಕೇಳುತ್ತಾರೆ, ಮನೆಯವರು ಒಡವೆ ಅಡವಿಡುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಸ್ಟೆಮ್ ಸೆಲ್‌ಗೆ ಚಿಕಿತ್ಸೆಯಾಗಿ ಒಪ್ಪಿಗೆ ಇರುವುದು ಅಸ್ಥಿಮಜ್ಜೆ ಕಸಿಯಂಥ ರಕ್ತಸಂಬಂಧಿ ಸ್ಥಿತಿಗಳಿಗೆ. ಉಳಿದದ್ದೆಲ್ಲ ಪ್ರಯೋಗದೊಳಗೆ ಮಾತ್ರ, ಪ್ರಯೋಗಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ದೇಹದಿಂದ ಲೋಹ ತೆಗೆಯುತ್ತೇವೆ ಎನ್ನುವ ಕೀಲೇಶನ್‌ನಿಂದ ಮಕ್ಕಳ ಪ್ರಾಣವೇ ಹೋದ ಉದಾಹರಣೆಗಳಿವೆ. ಆಮ್ಲಜನಕದ ಕೊಠಡಿಯಲ್ಲಿ ಕೂರಿಸುವುದರಿಂದ ಆಟಿಸಂಗೆ ಉಪಯೋಗವಿಲ್ಲ. ‘ಗುಣ ಮಾಡುತ್ತೇವೆ’ ಎಂದವರ ಹತ್ತಿರ ಮುಂಗಡ ಕೊಡಬೇಡಿ. ನೆರವಾಗುವುದು ಸ್ಪೀಚ್ ಥೆರಪಿ, ದಿನನಿತ್ಯದ ಕೆಲಸಗಳನ್ನು ಕಲಿಸುವ ಆಕ್ಯುಪೇಶನಲ್ ಥೆರಪಿ, ಆಟದ ಮೂಲಕ ಮನೆಯವರೇ ಕಲಿಸುವ ಕ್ರಮ, ಅರ್ಥಮಾಡಿಕೊಳ್ಳುವ ಶಾಲೆ.

ಹೆಜ್ಜೆ 12: ಮನೆಮಾತು ಬಿಡಬೇಡಿ

ಮುಂಬಯಿಯ ನಮ್ಮ ಮನೆಗಳಲ್ಲಿ ಅಜ್ಜಿಯದ್ದು ತುಳು ಅಥವಾ ಕನ್ನಡ, ಕೆಳಗೆ ಆಡುವಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಮಾತು ತಡವಾದ ಕೂಡಲೇ ‘ಇಷ್ಟೊಂದು ಭಾಷೆ ಮಗುವಿಗೆ ಗೊಂದಲ, ಒಂದೇ ಭಾಷೆ ಆಡಿ, ಇಂಗ್ಲಿಷ್ ಆದರೆ ಒಳ್ಳೇದು’ ಎಂಬ ಸಲಹೆ ಬರುತ್ತದೆ. ಎರಡು ಭಾಷೆ ಕೇಳಿ ಬೆಳೆದ ಆಟಿಸಂ ಮಕ್ಕಳನ್ನು ಒಂದೇ ಭಾಷೆಯವರ ಜತೆ ಹೋಲಿಸಿದ ಅಧ್ಯಯನಗಳಲ್ಲಿ, ಎರಡನೇ ಭಾಷೆಯಿಂದ ಹೆಚ್ಚಿನ ವಿಳಂಬ ಕಂಡಿಲ್ಲ. ತಾಯಿಗೆ ಸಲೀಸಲ್ಲದ ಇಂಗ್ಲಿಷಿನಲ್ಲಿ ‘ಕಮ್’, ‘ಸಿಟ್’, ‘ಈಟ್’ ಎಂದಷ್ಟೇ ಹೇಳಿದರೆ ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ, ಅಜ್ಜಿಯ ಜತೆಗಿನ ನಂಟೂ ಕಡಿಯುತ್ತದೆ.

ಹಾಗಾಗಿ ಸ್ನಾನ, ಊಟ, ಜೋಗುಳ ಎಲ್ಲ ನಿಮ್ಮ ಮಾತಿನಲ್ಲೇ ನಡೆಯಲಿ. ಚಿಕ್ಕ ವಾಕ್ಯ ಆಡಿ, ಮಗುವಿನ ಮುಖದ ಎತ್ತರಕ್ಕೆ ಕೂತು ಆಡಿ, ಉತ್ತರಕ್ಕೆ ಸ್ವಲ್ಪ ಕಾಯಿರಿ. ಥೆರಪಿಸ್ಟ್‌ಗೆ ಕನ್ನಡ ಬಾರದಿದ್ದರೆ ಮಗು ದಿನಾ ಕೇಳುವ ಇಪ್ಪತ್ತು ಪದಗಳನ್ನು ದೇವನಾಗರಿಯಲ್ಲಿ ಬರೆದು ಕೊಡಿ: ಬಾ, ಕೊಡು, ಬೇಕು, ಸಾಕು, ನೀರು, ಮಮ್ಮು, ಅಜ್ಜಿ, ನೋವು. ಎದುರಿಗೆ ಅರ್ಥ ಬರೆದಿರಲಿ. ಮಗು ‘ಸಾಕು’ ಎಂದದ್ದು ಅವರಿಗೆ ತಿಳಿಯದೆ ಹೋದರೆ, ಕಷ್ಟಪಟ್ಟು ಬಂದ ಒಂದು ಮಾತಿಗೆ ಉತ್ತರವೇ ಸಿಗುವುದಿಲ್ಲ. ಅದೇ ಪಟ್ಟಿಯ ಇನ್ನೊಂದು ಪ್ರತಿಯನ್ನು ಬಾಲವಾಡಿಯ ಟೀಚರಿಗೂ ಕೊಡಿ, ಹೊಸ ಪದ ಬಂದಾಗಲೆಲ್ಲ ಎರಡರಲ್ಲೂ ಸೇರಿಸಿ.